ವಿಮಾನ ಹತ್ತಿದ ಕೌದಿ

ಹೆದರಿಕೆಯಾದಾಗ ನಗುವ ಕೆಟ್ಟ ಚಾಳಿಯೊಂದು ನನಗಿದೆ. ತಪಾಸಣೆಗೆಂದು ಸಾಹೇಬರು ಶಾಲೆಗೆ ಬಂದು ಎದುರಿಗೆ ಕೂತರೆ ಹುಡುಗರಿಗಿಂತ ಮೊದಲು ನನ್ನ ತುಟಿ ಬಿರಿಯುತ್ತದೆ. ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ನಾನು ನಕ್ಕದ್ದನ್ನು ನೋಡಿ ಬೀಗರಲ್ಲಿ ಯಾರೋ “ಮದುಮಗಾ ಬಾಳ ಖುಷಿಯಾಗ್ಯಾನ” ಎಂದರಂತೆ. ನನ್ನ ಅತ್ತೆ ಗೌರವ್ವನವರು ಮಾತ್ರ “ಖುಷಿ ಅಲ್ಲ, ಅಂಜ್ಯಾನ” ಎಂದರಂತೆ. ಮನುಷ್ಯನನ್ನು ಹೀಗೆ ಮೊದಲ ನೋಟಕ್ಕೇ ಓದಿಬಿಡುವವರ ಜೊತೆ ಒಂದು ಚಕ್ಕಡಿಯಲ್ಲಿ ಕೂಡುವುದೇ ಕಷ್ಟ. ನಾನಾದರೋ ಕಳೆದ ಮಳೆಗಾಲದಲ್ಲಿ ಅವರೊಡನೆ ವಿಮಾನದಲ್ಲಿ ಕೂತು ಮುಂಬಯಿಗೆ ಹೋಗಿಬಂದೆ. ಅಂದಿನಿಂದ ಗೋಕಾಕದಲ್ಲಿ ನನಗೆ ಒಂದು ಬಗೆಯ ಗೌರವ ಬಂದಿದೆ. ಘಟಪ್ರಭಾ ಸ್ಟೇಶನ್ನಿನಿಂದಾಚೆ ಕಾಲಿಡದವರು ಕೂಡ ಕ್ಷೌರದ ಅಂಗಡಿಯಲ್ಲಿ ನನ್ನನ್ನು ನಿಲ್ಲಿಸಿ, “ಮಾಸ್ತರ, ವಿಮಾನದಾಗ ಕೈಯಾಗ ಏನೇನ್ ಒಯ್ಯಾಕ ಬಿಡ್ತಾರ್ರಿ?” ಎಂದು ಕೇಳುತ್ತಾರೆ. ನಾನು ಗಂಭೀರವಾಗಿ ಉತ್ತರ ಹೇಳುತ್ತೇನೆ. ಅಲ್ಲಿ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ನಿಮಗೆ ಹೇಳುತ್ತೇನೆ.

ಗೋಕಾಕದ ಶಾಲಾ ಮಾಸ್ತರನಿಗೂ ವಿಮಾನಕ್ಕೂ ಏನು ಸಂಬಂಧ ಎಂದರೆ, ನನ್ನ ಹೆಂಡತಿ ಶಾಂತವ್ವನ ತಂಗಿ ನೀಲವ್ವನನ್ನು ಮುಂಬಯಿಗೆ ಕೊಟ್ಟಿದೆ. ಅವಳ ಗಂಡ, ಅಂದರೆ ನನ್ನ ಷಡ್ಡಕ, ಅಲ್ಲಿಯ ಗಿರಣಿಯೊಂದರ ಕಚೇರಿಯಲ್ಲಿ ಕಾರಕೂನ. ಚೊಚ್ಚಲ ಬಸುರಿಯನ್ನು ತವರಿಗೆ ಕರೆತರಲು ಒಳ್ಳೆಯ ದಿನ ನೋಡುತ್ತಿರುವಾಗಲೇ ಮಳೆ ಹಿಡಿಯಿತು. ಮಿರಜಿನ ಹಾದಿಯಲ್ಲಿ ರೈಲು ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಯಿತು. ಕೊಲ್ಲಾಪುರದ ಕಡೆಯ ರಸ್ತೆಯ ಮೇಲೆ ನೀರು ನಿಂತಿತು. ಅಂಥ ಹೊತ್ತಿಗೆ ಷಡ್ಡಕನ ತಾರು ಬಂತು. ಹೆಣ್ಣು ಕೂಸು ಹುಟ್ಟಿದೆ, ನೀಲಾಳ ಸ್ಥಿತಿ ಚಿಂತಾಜನಕವಾಗಿದೆ, ತಾಯಿಯನ್ನು ಕೂಡಲೇ ಕಳಿಸಿರಿ. ಶಾಂತವ್ವ ಅದನ್ನು ಕೇಳಿ ಒಲೆಯ ಮುಂದೆ ಹಾಗೆಯೇ ಕೂತುಬಿಟ್ಟಳು. ಆಮೇಲೆ, “ಅವ್ವಗ ಇಷ್ಟೆಲ್ಲಾ ಹೇಳಬ್ಯಾಡ್ರಿ. ಬರೇ ಬಾ ಅಂದಾರ ಅಂತ ಹೇಳ್ರಿ. ಹಾದ್ಯಾಗ ಎದಿ ಒಡಕೊಂಡಾಳು” ಎಂದಳು.

ದಾರಿ ತೋರಿಸಿದವರು ಹುಕ್ಕೇರಿಯಲ್ಲಿ ತಂಬಾಕಿನ ವ್ಯಾಪಾರ ಮಾಡುವ ಅವಳ ಕಾಕಾ. ಯುದ್ಧದ ಕಾಲಕ್ಕೆ ಬೆಳಗಾವಿಯ ಹೊರಗೆ ಮಾಡಿದ ವಿಮಾನದ ಬಯಲಿನಿಂದ ಈಗ ಸಾಮಾನ್ಯ ಜನರನ್ನೂ ಮುಂಬಯಿಗೆ ಒಯ್ಯುತ್ತಾರೆಂದು ಅವರಿಗೆ ಗೊತ್ತಿತ್ತು. ಬೆಳಗಾವಿಗೆ ಓಡಿಹೋಗಿ ಯಾರ್ಯಾರನ್ನೋ ಹಿಡಿದು ಎರಡು ಜಾಗ ಗೊತ್ತುಮಾಡಿ ಬಂದು, “ಸಾಮಾನ ಹಗರ ಇರಲಿ ಮಾಸ್ತರ. ಅಲ್ಲಿ ಮಂದೀನೂ ತೂಗ್ತಾರ” ಎಂದರು. ನಾನು ಮೂಡಲಗಿಗೆ ಹೋಗಿ ಈ ಮಾತನ್ನು ಅತ್ತೆಯವರಿಗೆ ಮುಟ್ಟಿಸಿದೆ. ಅವರು ಹೂಂ ಎಂದರು. ಮರುದಿನ ಬೆಳಿಗ್ಗೆ ನೋಡಿದರೆ ಅವರ ಪಕ್ಕದಲ್ಲಿ ಅವರಷ್ಟೇ ಎತ್ತರದ ಒಂದು ಗಂಟು ಕೂತಿತ್ತು. ಅಂಟಿನ ಉಂಡಿ, ಖಾರೀಕು, ಕೊಬ್ಬರಿ, ಒಣಶುಂಠಿ, ಅಜವಾನ, ತಂಬಿಗೆ ತುಪ್ಪ, ಕೂಸಿಗೆ ಹಚ್ಚಲು ಔಡಲೆಣ್ಣೆಯ ಬಾಟಲಿ, ಹಾಸಿ ಹೊದಿಸಲು ಹಳೆಯ ಸೀರೆಯ ಮೆತ್ತನೆಯ ತುಂಡುಗಳು. ಎಲ್ಲಕ್ಕಿಂತ ಮೇಲೆ, ನೀಲವ್ವ ಬಸುರಾದ ಸುದ್ದಿ ಬಂದಂದಿನಿಂದ ಕೂತು ಹೊಲಿದ ಒಂದು ಕೌದಿ. “ಅತ್ತೀರ, ಇಷ್ಟು ಬಿಡಾಂಗಿಲ್ರಿ” ಎಂದೆ. “ಬಿಡಾಕ ಅವರೇನ್ ಹಡದಾರೇನು?” ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಬಸ್ಸು ಹುಕ್ಕೇರಿ ದಾಟಿ ಯಮಕನಮರಡಿಯ ಹತ್ತಿರ ಬರುವವರೆಗೂ ಅವರು ಗಂಟನ್ನು ತಬ್ಬಿಕೊಂಡು ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು: “ತಾರಿನ್ಯಾಗ ಖರೆ ಏನ್ ಬರದಾರ್ರಿ?” “ಏನಿಲ್ರಿ. ಬಾ ಅಂದಾರ” ಎಂದೆ. ಹಾಗೆನ್ನುತ್ತಲೇ ನನ್ನ ಹಾಳು ತುಟಿ ಬಿರಿಯಿತು. ಅತ್ತೆ ನನ್ನ ಮುಖವನ್ನು ಒಮ್ಮೆ ನೋಡಿ, ಕಿಟಕಿಯ ಕಡೆ ತಿರುಗಿದರು. ಬೇರೆಯವರ ಗುಟ್ಟನ್ನು ಬೇಕಾದರೆ ನನ್ನ ಕೈಯಲ್ಲಿ ಕೊಡಿ, ನನ್ನ ಮುಖದಲ್ಲಿ ಮಾತ್ರ ಇಡಬೇಡಿ.

ವಿಮಾನದ ಕಚೇರಿ ಎಂದರೆ ಬಯಲಿನಲ್ಲಿ ಒಂದು ತಗಡಿನ ಷೆಡ್ಡು. ಬಾಗಿಲಲ್ಲೇ ಬೆಲ್ಲದ ಪೇಟೆಯಲ್ಲಿರುವಂಥ ದೊಡ್ಡ ತೂಕದ ಕಾಟಾ. ಅದರ ಬಾಜೂ ಬಿಳಿ ಅಂಗಿ ತೊಟ್ಟ ಒಬ್ಬ ತರುಣ ಅಧಿಕಾರಿ. ರೈಲು ನಿಂತಿದ್ದರಿಂದ ಅಂದು ಒಂದು ಜಾಗವೂ ಖಾಲಿ ಇರಲಿಲ್ಲ. ಆಕಾಶದ ಮೂಲೆಯಲ್ಲಿ ಮೋಡ ಕಟ್ಟುತ್ತಿತ್ತು. ಮಳೆ ಬರುವುದರೊಳಗೆ ಏರದಿದ್ದರೆ ಇವತ್ತು ವಿಮಾನವೇ ಇಲ್ಲ ಎಂದು ಎಲ್ಲರೂ ಪಿಸುಗುಡುತ್ತಿದ್ದರು. ನಮ್ಮ ಹಿಂದೆ ಸೂಟು ತೊಟ್ಟ ವಕೀಲರೊಬ್ಬರು ನಿಮಿಷಕ್ಕೊಮ್ಮೆ ಗಡಿಯಾರ ನೋಡಿಕೊಳ್ಳುತ್ತಿದ್ದರು.

“ಹತ್ರಿ ಆಯಿ” ಎಂದ ಅಧಿಕಾರಿ.

“ನಾ ಏನ್ ಬೆಲ್ಲದ ಪೆಂಟಿ ಏನಪಾ, ತೂಗಾಕ?”

“ಎಲ್ಲಾರನ್ನೂ ತೂಗ್ತೇವ್ರಿ. ಭಾರ ಹೆಚ್ಚಾದ್ರ ವಿಮಾನ ಏಳಾಂಗಿಲ್ಲ.”

ಅತ್ತೆ ಸೆರಗು ಬಿಗಿದುಕೊಂಡು ಹತ್ತಿದರು. ನಾನು ಹತ್ತಿದೆ. ನನ್ನ ಸಣ್ಣ ತಗಡಿನ ಪೆಟ್ಟಿಗೆ ಹತ್ತಿತು. ಗಂಟು ಹತ್ತಿದಾಗ ಮಾತ್ರ ಆ ತರುಣನ ಮುಖ ಇಳಿಯಿತು. ಇಷ್ಟು ಸಾಧ್ಯವೇ ಇಲ್ಲವೆಂದ. ಹಾಗಾದರೆ ಕೈಯಲ್ಲಿ ಏನೇನು ಒಯ್ಯಬಹುದೆಂದು ನಾನು ಕೇಳಿದೆ. ಅವನು ಗೋಡೆಯ ಮೇಲಿನ ಇಂಗ್ಲಿಷ್ ಹಲಗೆಯನ್ನು ನೋಡಿ ನಮಗೆ ತಿಳಿಯುವಂತೆ ಹೇಳಿದ: “ಮೈಮ್ಯಾಲಿನ ಓವರಕೋಟು, ಛತ್ರಿ, ಓದಾಕ ಪುಸ್ತಕ, ಕೂಸಿನ ಆಹಾರ. ಇಷ್ಟಕ್ಕ ತೂಕಿಲ್ಲ.”

“ಕೂಸಿನ ಆಹಾರ ಅಂದೆಲ್ಲಾ?” ಎಂದರು ಅತ್ತೆ. “ಇದು ಅದ ನೋಡಪಾ.”

“ನಿಮ್ಮ ಕೂಡ ಕೂಸೆಲ್ಲೈತ್ರಿ ಆಯಿ?”

“ಮುಂಬೈಯಾಗೈತಿ. ಬಾಣಂತಿ ಉಂಡಿ ತಿಂದ್ರ ಹಾಲ ಬರತೈತಿ, ಹಾಲ ಬಂದ್ರ ಕೂಸು ಕುಡಿತೈತಿ. ಕೂಸು ವಿಮಾನದಾಗ ಇರಬೇಕಂತ ನಿಮ್ಮ ಹಲಗ್ಯಾಗ ಬರದೈತೇನು?”

ಅಧಿಕಾರಿ ನಿಜಕ್ಕೂ ತಿರುಗಿ ಹಲಗೆಯನ್ನು ಓದಿದ. ಹಾಗೆ ಬರೆದಿರಲಿಲ್ಲ. ವಕೀಲರು “ಲಗೂ ಮಾಡ್ರಿ, ಮೋಡ ಬಂತು” ಎಂದು ಗದರಿದರು. ಆ ತರುಣ ದನಿ ತಗ್ಗಿಸಿ, “ಬಾಣಂತಿ ಆರಾಮದಾರೇನ್ರಿ?” ಎಂದು ಕೇಳಿದ. ಅತ್ತೆ ನನ್ನ ಮುಖ ನೋಡಿದರು. ಅವನೂ ನನ್ನ ಮುಖ ನೋಡಿದ. ಈ ಸಲ ನನಗೆ ನಗು ಬರಲಿಲ್ಲ. ಅವನು ಗಂಟಿನ ಕಡೆ ತಿರುಗಿ, “ಉಂಡಿ, ತುಪ್ಪ, ಔಷಧದ್ದೆಲ್ಲಾ ತೊಡಿಮ್ಯಾಲ ಇಟಗೊಳ್ರಿ. ಎಣ್ಣಿ ಬಾಟಲಿ ಬ್ಯಾಡ. ಈ ಹಾಸಗಿ ಬ್ಯಾಡ” ಎಂದ.

“ಹಾಸಗಿ ಅಲ್ಲಪಾ ಇದು” ಎಂದು ಅತ್ತೆ ಕೌದಿಯನ್ನು ಕೊಡವಿದರು. “ನಮ್ಮ ಅಳಿಯಂದಿರ ಓವರಕೋಟ.” ನಾನು ಬಾಯಿ ತೆರೆಯುವುದರೊಳಗೆ ಕೆಂಪು, ಹಳದಿ, ಹಸಿರು ತುಂಡುಗಳ ಆ ಕೌದಿ ನನ್ನ ಹೆಗಲ ಮೇಲೆ ಬಿದ್ದಿತ್ತು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನೊಂದನ್ನು ತೆಗೆದು ಕೊರಳ ಹತ್ತಿರ ಚುಚ್ಚಿಯೂ ಆಯಿತು. ಷೆಡ್ಡಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಅಧಿಕಾರಿ ನಗಲಿಲ್ಲ, ಅದೇ ನನಗೆ ಹೆಚ್ಚು ಅವಮಾನವೆನಿಸಿತು. ಕಾಯಿದೆ ಓದುವವನಂತೆ ಹೇಳಿದ: “ಇಳಿಯೂ ತನಕ ತಗೀಬಾರದ ನೋಡ್ರಿ ಮಾಸ್ತರ. ಮೈಮ್ಯಾಲಿದ್ರ ಕೋಟು, ಕೆಳಗಿಟ್ರ ಹಾಸಗಿ.” ನಾನು ತಲೆ ತಗ್ಗಿಸಿ ಮುಂದೆ ನಡೆದೆ. ಅತ್ತೆ ಹಿಂದೆ ನಿಂತು ಅವನೊಡನೆ ಇನ್ನೂ ಏನೋ ಮಾತಾಡಿ ಬಂದರು. ವಿಮಾನದ ಏಣಿಯ ಹತ್ತಿರ ಬಂದವರೇ ಕೌದಿಯೊಳಗೆ ಕೈ ಹಾಕಿ ನನ್ನ ಕೋಟಿನ ಕಿಸೆಗೆ ಏನನ್ನೋ ಇಳಿಬಿಟ್ಟರು. ಮುಟ್ಟಿ ನೋಡಿದರೆ ಔಡಲೆಣ್ಣೆಯ ಬಾಟಲಿ.

ಒಳಗೆ ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರಮಿಂಟು ಕೊಟ್ಟರು. ಅತ್ತೆ ಕೂಸಿಗೆ ಬೇಕಾಗುತ್ತದೆಂದು ಇನ್ನಷ್ಟು ಹತ್ತಿ ಕೇಳಿ ಇಸಿದುಕೊಂಡರು. ನನ್ನ ಆಚೆ ಬದಿಗೆ ಆ ವಕೀಲರೇ ಬಂದು ಕೂತು, ಕೌದಿಯ ಅಂಚು ತಮ್ಮ ಸೂಟಿಗೆ ತಾಗದಂತೆ ಸರಿದುಕೊಂಡರು. ವಿಮಾನ ಓಡಿತು, ನಡುಗಿತು, ಎದ್ದಿತು. ಸ್ವಲ್ಪ ಹೊತ್ತಿಗೆ ಕಿಟಕಿಯ ಹೊರಗೆ ನೆಲವೂ ಇಲ್ಲ, ಆಕಾಶವೂ ಇಲ್ಲ. ಬರೀ ಬೂದುಬಣ್ಣದ ಮೋಡ. ಒಮ್ಮೆಲೇ ಬಾವಿಗೆ ಬಿದ್ದಂತೆ ಕೆಳಗಿಳಿಯುವುದು, ಮತ್ತೆ ಯಾರೋ ಎತ್ತಿ ಒಗೆದಂತೆ ಮೇಲೇರುವುದು. ಹಿಂದೆ ಯಾರೋ ವಾಂತಿ ಮಾಡಿಕೊಳ್ಳುತ್ತಿದ್ದರು. ಅತ್ತೆ ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ಎದೆಯ ಮೇಲಿನ ಲಿಂಗದ ಕರಡಿಗೆ ಹಿಡಿದು ಕಣ್ಣುಮುಚ್ಚಿ ಕೂತಿದ್ದರು. ಕಣ್ಣು ತೆರೆಯದೆಯೇ ನನ್ನ ಕಿವಿಯ ಹತ್ತಿರ ಹೇಳಿದರು: “ನನಗ ಗೊತ್ತೈತ್ರಿ. ಸುಮ್ನ ಬಾ ಅನ್ನಾಕ ಯಾರರ ವಿಮಾನದಾಗ ಕಳಸ್ತಾರೇನು? ಇದ್ದಾಳೋ ಇಲ್ಲೋ, ಅಷ್ಟ ಹೇಳ್ರಿ.”

“ಇದ್ದಾಳ್ರಿ. ತಾರು ಹೊಡದಾಗ ಇದ್ಲು. ಜೀವಕ್ಕ ಕಠಿಣ ಐತಿ ಅಂತ ಬರದಾರ” ಎಂದೆ. ಅವರು ತಲೆಯಾಡಿಸಿದರು. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ನಾನು ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದದ್ದಷ್ಟೇ, ನನ್ನ ಹೊಟ್ಟೆಯ ಹತ್ತಿರ ಫಟ್ ಎಂದು ಸದ್ದಾಯಿತು.

ವಕೀಲರು “ಸತ್ತಿವ್ರೋ!” ಎಂದು ಕೂಗಿ ನನ್ನ ತೋಳು ಹಿಡಿದುಕೊಂಡರು. ಹಿಂದಿನ ಸಾಲಿನಲ್ಲಿ ಹೆಂಗಸೊಬ್ಬಳು ದೇವರ ಹೆಸರು ಹೇಳಿ ಚೀರಿದಳು. ರೆಕ್ಕೆ ಮುರಿಯಿತೋ ಯಂತ್ರ ಒಡೆಯಿತೋ ಎಂದು ಎಲ್ಲರೂ ಕಿಟಕಿಗೆ ಮುಖ ಹಚ್ಚಿದಾಗ, ನನ್ನ ಕಿಸೆಯಿಂದ ತೊಡೆಗೆ ಬೆಚ್ಚಗೆ, ಅಂಟಂಟಾಗಿ ಏನೋ ಇಳಿಯತೊಡಗಿತು. ಶಾಲೆಯಲ್ಲಿ ವಿಜ್ಞಾನವನ್ನೂ ಕಲಿಸುವವನು ನಾನು. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ ಎಂದು ಕರಿಹಲಗೆಯ ಮೇಲೆ ಚಿತ್ರ ಬರೆದು ಎಷ್ಟೋ ಸಲ ಹೇಳಿದ್ದೇನೆ. ಅದು ಬಾಟಲಿಯ ಬಿರಡೆಗೂ ಅನ್ವಯಿಸುತ್ತದೆಂದು ಮಾತ್ರ ಎಂದೂ ತೋಚಿರಲಿಲ್ಲ. ಕೌದಿಯೊಳಗೆ ಕೈ ತೂರಿಸಿ ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿದೆ. ಅತ್ತೆಗೆ ಆಗಲೇ ಗೊತ್ತಾಗಿತ್ತು. “ಬೆರಳ ತಗೀಬ್ಯಾಡ್ರಿ” ಎಂದರು. ಮುಂಬಯಿಯ ನೆಲ ಮುಟ್ಟುವ ತನಕ ನಾನು ಬೆರಳು ತೆಗೆಯಲಿಲ್ಲ. ವಕೀಲರು ನನ್ನ ತೋಳು ಬಿಡಲಿಲ್ಲ. ನಾವು ಮೂವರೂ ಬಹಳ ಆತ್ಮೀಯರಂತೆ ಕೂತಿದ್ದೆವು.

ಷಡ್ಡಕ ನಿಲ್ದಾಣಕ್ಕೆ ಬಂದಿದ್ದ. ಕೌದಿ ಹೊದ್ದು ಎಣ್ಣೆ ಸೋರಿಸುತ್ತ ಇಳಿದ ನನ್ನನ್ನು ನೋಡಿಯೂ ಅವನಿಗೆ ನಗು ಬರಲಿಲ್ಲವೆಂದಾಗಲೇ ಅಲ್ಲಿನ ಸ್ಥಿತಿ ಹೇಗಿದೆಯೆಂದು ತಿಳಿಯಿತು. ದವಾಖಾನೆಯ ಬಾಗಿಲಲ್ಲಿ ನರ್ಸಬಾಯಿ ಗಂಟನ್ನು ತಡೆದಳು. ಉಂಡಿ ಬೇಡ, ತುಪ್ಪ ಬೇಡ, ಅಜವಾನ ಬೇಡ, ಎಣ್ಣೆಯಂತೂ ಬೇಡವೇ ಬೇಡ. ಅತ್ತೆ ಆಕೆಯೊಡನೆ ಒಂದು ಮಾತೂ ವಾದಿಸಲಿಲ್ಲ. ಗಂಟನ್ನು ಅಲ್ಲೇ ನೆಲದ ಮೇಲೆ ಬಿಟ್ಟು ಒಳಗೆ ಓಡಿದರು. ನೀಲವ್ವ ಜ್ವರದಲ್ಲಿ ಗಡಗಡ ನಡುಗುತ್ತ ಮಲಗಿದ್ದಳು. ಮೇಲಿದ್ದ ದವಾಖಾನೆಯ ತೆಳು ಹೊದಿಕೆ ಅವಳ ಜೊತೆಗೇ ನಡುಗುತ್ತಿತ್ತು. ಅವ್ವ ಬಂದದ್ದು ಅವಳಿಗೆ ತಿಳಿಯಲಿಲ್ಲ. ಅತ್ತೆ ಅವಳ ಹಣೆ ಮುಟ್ಟಿ, ತಿರುಗಿ ನನ್ನ ಕೊರಳಿನ ಪಿನ್ನು ಕಿತ್ತು, ಕೌದಿಯನ್ನು ನನ್ನ ಮೈಯಿಂದ ಎಳೆದು ಮಗಳಿಗೆ ಹೊದಿಸಿದರು. ನರ್ಸಬಾಯಿ ಬೇಡವೆನ್ನಲು ಬಂದವಳು ಹಾಗೆಯೇ ಹಿಂದೆ ಸರಿದಳು. ಬಹಳ ಹೊತ್ತಿನ ಮೇಲೆ ನಡುಕ ಇಳಿಯಿತು. ನೀಲವ್ವ ಕಣ್ಣು ಬಿಟ್ಟು, ಕೌದಿಯ ಒಂದು ಹಸಿರು ತುಂಡಿನ ಮೇಲೆ ಬೆರಳಾಡಿಸಿ, “ಇದು ನನ್ನ ಪರಕಾರದ್ದಲ್ಲೇನು, ಅವ್ವಾ? ನಾ ಸಣ್ಣಾಕಿದ್ದಾಗ ಉಡತಿದ್ದದ್ದು?” ಎಂದಳು. “ಹೌದವ್ವಾ” ಎಂದರು ಅತ್ತೆ. ಷಡ್ಡಕ ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತ. ಅವನಿಗೆ ಜೊತೆಯಾಗಿ ನಾನೂ ನಿಂತೆ.

ಜ್ವರ ಬಿಡಲು ಇನ್ನೂ ಕೆಲವು ದಿನ ಹಿಡಿಯಿತು. ಬಿಟ್ಟಿತು. ಅವಳು ಕೂಸಿನೊಡನೆ ಮನೆಗೆ ಬಂದ ಮೇಲೆ ಉಂಡಿಗೂ ತುಪ್ಪಕ್ಕೂ ಉಳಿದ ಎಣ್ಣೆಗೂ ಕೆಲಸ ಬಂತು. ಆದರೆ ನಾವು ಮುಂಬಯಿ ಮುಟ್ಟಿದ ದಿನವೇ ಎಣ್ಣೆಯ ಧೋತರ ಬದಲಿಸಬೇಕೆಂದು ಹುಡುಕಿದರೆ ನನ್ನ ಪೆಟ್ಟಿಗೆ ಮಾತ್ರ ಎಲ್ಲಿಯೂ ಇರಲಿಲ್ಲ. ಗಡಿಬಿಡಿಯಲ್ಲಿ ಎಲ್ಲೋ ಉಳಿದಿರಬೇಕೆಂದುಕೊಂಡೆ. ಷಡ್ಡಕ ನನ್ನ ಎದೆಯ ಮಟ್ಟಕ್ಕೆ ಬರುವ ಆಳು. ಅವನ ಪಾಯಿಜಾಮಾ ನನ್ನ ಮೊಣಕಾಲಿನ ಕೆಳಗೆ ಇಳಿಯಲು ಒಪ್ಪಲಿಲ್ಲ. ಅದರಲ್ಲೇ ನಾನು ಮುಂಬಯಿ ನೋಡಿದೆ. ನನ್ನ ಪರದಾಟವನ್ನು ಅತ್ತೆ ದಿನವೂ ನೋಡಿದರು, ಏನೂ ಅನ್ನಲಿಲ್ಲ.

ರೈಲು ಶುರುವಾದ ಮೇಲೆ ಅತ್ತೆಯವರನ್ನು ಅಲ್ಲೇ ಬಿಟ್ಟು ನಾನೊಬ್ಬನೇ ಹೊರಟೆ. ಘಟಪ್ರಭೆಯಲ್ಲಿ ಇಳಿಯದೆ ನೇರ ಬೆಳಗಾವಿಗೆ ಹೋಗಿ, ಅದೇ ತಗಡಿನ ಷೆಡ್ಡಿನಲ್ಲಿ ಅದೇ ತರುಣನ ಮುಂದೆ ನಿಂತು, ನನ್ನ ಪೆಟ್ಟಿಗೆ ಕಳೆದಿದೆಯೆಂದು ಸ್ವಲ್ಪ ಏರುದನಿಯಲ್ಲೇ ಹೇಳಿದೆ. ಅವನು ಮೇಜಿನ ಕೆಳಗಿನಿಂದ ಅದನ್ನು ತೆಗೆದುಕೊಟ್ಟ.

“ಕಳದಿಲ್ರಿ ಮಾಸ್ತರ, ಬಿಟ್ಟದ್ದು. ಅಷ್ಟೆಲ್ಲಾ ಲೆಕ್ಕದಿಂದ ಬಿಟ್ರೂ ತೂಕ ಹೆಚ್ಚ ಇತ್ತು. ನೀವು ಮುಂದ ಹೋದ ಮ್ಯಾಲ ಆಯೀನ ಹೇಳಿದ್ರು, ‘ಅಳಿಯಂದಿರ ಪೆಟಗಿ ಇಳಸಪಾ, ಅದರಾಗ ಯಾರಿಗೂ ಬೇಕಾದ್ದು ಏನಿಲ್ಲ’ ಅಂತ. ಮೊದಲ ಬಾಣಂತಿ ಹ್ಯಾಂಗದಾರ, ಅದನ್ನ ಹೇಳ್ರಿ.”

ಈಗ ಆರಾಮ ಎಂದೆ. ಅವನ ಮುಖ ಅರಳಿತು. ನಾನು ಪೆಟ್ಟಿಗೆ ಎತ್ತಿಕೊಂಡೆ. ಆದರೂ ಮನಸ್ಸು ತಡೆಯದೆ, “ಪೆಟಗಿ ಇಳಿಸಿದ ಮ್ಯಾಲ ತೂಕ ಸರಿಹೋತಲ್ರಿ?” ಎಂದು ಕೇಳಿದೆ.

“ಆಯಿಗೆ ಅದೂ ಸಂಶೆ ಇತ್ತು ನೋಡ್ರಿ,” ಎಂದ ಅವನು. “‘ಇನ್ನೂ ಹೆಚ್ಚಿದ್ರ ಅಳಿಯಂದಿರನ್ನೂ ಬಿಟ್ಟ ಹೋಗ್ತೀನಿ’ ಅಂದ್ರು. ‘ಹಂಗ ಮಾಡಿದ್ರ ಕೌದಿ ಯಾರ ಹೊತಗೊಂಡ ಬರಬೇಕ್ರಿ?’ ಅಂದ್ನಿ. ಒಂದೀಟ ವಿಚಾರ ಮಾಡಿ, ‘ಹೌದಲ್ಲಾ, ಇರಲಿ ತಗೋ ಹಂಗಾರ’ ಅಂದ್ರು.”