ಗೋಡೆಯಾಚೆಯ ಕೋಣ

ಕಾಶಿನಾಥ ಸ್ನಾನ ಮಾಡುವಾಗ ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಹಾಗೆ ನೋಡಿದರೆ ಉಳಿದ ಹೊತ್ತೆಲ್ಲ ಅವನು ಬಾಯಿ ಮುಚ್ಚಿಕೊಂಡೇ ಇರುವವನು. ಬಾಗಲಕೋಟೆ ಕಡೆಯವನು; ಬಿ.ಎ. ಮುಗಿಸಿ ಯಲಹಂಕದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ. ಮದುವೆಯಾಗದವನಿಗೆ ರೂಮು ಕೊಡುವವರಿಲ್ಲದೆ ಯಶವಂತಪುರದ ಲಾಡ್ಜೊಂದರಲ್ಲಿ ತಿಗಣೆಗಳ ಜೊತೆ ವರ್ಷ ಕಳೆದ ಮೇಲೆ, ಕೆಂಪಾಪುರದ ಮುನಿನಾರಾಯಣಪ್ಪನವರು ತಮ್ಮ ಮನೆಗೆ ಅಂಟಿದ ರೂಮು ಕೊಟ್ಟಿದ್ದರು.

ಜಕ್ಕೂರಿನ ವಿಮಾನ ತಲೆಯ ಮೇಲೇ ಹಾದರೂ ಅವನಿಗೆ ಬೇಸರವಿರಲಿಲ್ಲ. ಬೇಸರವೆಲ್ಲ ಓನರ್ ತಾಳದ ಮೇಲೆ. ಭಜನೆ ಮನೆಯ ಹಿರಿಯರಾದ ಮುನಿನಾರಾಯಣಪ್ಪನವರು ಕತ್ತಲಿರುವಾಗಲೇ ಎದ್ದು, ತಾಮ್ರದ ಹಂಡೆ ಮೆಟ್ಟಿಲಿಳಿದ ಹಾಗೆ ಅಭ್ಯಾಸ ಮಾಡುತ್ತಿದ್ದರು. ಎದುರಾಡಿದರೆ ರೂಮು ಹೋದೀತು. ಅದಕ್ಕೇ ಆ ಶನಿವಾರ ಬಚ್ಚಲಲ್ಲಿ, ತಾನೇ ಕಟ್ಟಿದ ಪದವೊಂದನ್ನು ಹಾಡಿ ಹೊಟ್ಟೆಯುರಿ ತೀರಿಸಿಕೊಂಡ:

‘ಗ್ವಾಡಿಯ ಆಚೆಯ ದೊಡ್ಡಾ ಕೋಣ
ಕೋಳಿಗು ಮೊದಲೇ ಒದರತೈತಿ
ತಾಳವ ಹಿಡಿದು ತಲಿಯ ತೂಗಿ
ಊರಿನ ನಿದ್ದಿ ಮೇಯತೈತಿ.’

ಬಾಗಿಲು ತೆರೆದರೆ ಮುನಿನಾರಾಯಣಪ್ಪನವರೇ ನಿಂತಿದ್ದರು.

“ಯಾರ್ ಪದ ಸ್ವಾಮಿ ಇದು?”

ಕಾಶಿನಾಥನ ಮೈಮೇಲಿನ ಬಿಸಿನೀರು ತಣ್ಣಗಾಯಿತು. “ನಮ್ಮ ಕಡೇದ್ರೀ... ತತ್ವಪದ.”

“ಅಂಗಾದ್ರೆ ಸಂಜೆ ಭಜನೇಲಿ ನಿಮ್ದೇ ಪದ. ಅರ್ಥಾನೂ ನೀವೇ ಬಿಡಿಸ್ಬೇಕು.”

ಆ ಭಜನೆ ಮನೆಯ ಪದ್ಧತಿಯೇ ಹಾಗೆ. ಹಾಡಿದವನು ಅರ್ಥ ಬಿಡಿಸುವ ತನಕ ಪ್ರಸಾದದ ಚರುಪು ಹಂಚುವಂತಿಲ್ಲ. ಪುರಿ, ಕಡಲೆ, ಬೆಲ್ಲದ ಬುಟ್ಟಿ ನೋಡುತ್ತ ಎಲ್ಲರೂ ಕೂತಿರಬೇಕು.

ಆಫೀಸಿನಲ್ಲಿ ಕಾಶಿನಾಥ ತನ್ನ ಕಡೆಯವನೇ ಆದ ಅಪ್ಪಾಸಾಹೇಬನ ಮುಂದೆ ಗೋಳು ತೋಡಿಕೊಂಡ.

“ಅಷ್ಟಕ್ಕ ಯಾಕ ಹೆದರ್ತಿ? ಏನ ಕೇಳಿದ್ರೂ ‘ಮಾಯಾ’ ಅನ್ನು. ಯಾರೂ ತಪ್ಪು ಅನ್ನಂಗಿಲ್ಲ,” ಎಂದ ಅಪ್ಪಾಸಾಹೇಬ.

ಸಂಜೆ ಕಾಶಿನಾಥ ಹಾಡಿದ. ಜನ ತಲೆದೂಗಿದರು.

“ಗ್ವಾಡಿ ಅಂದ್ರ ಮಾಯಾ,” ಎಂದು ಶುರುಮಾಡಿದ. “ಕೋಣ, ಯಮನ ವಾಹನ. ಕೋಳಿ, ಸುಬ್ರಹ್ಮಣ್ಯನ ಧ್ವಜದಾಗ ಇರೂದು, ಅದು ಜ್ಞಾನ. ಜ್ಞಾನ ಬರೂಕಿಂತ ಮೊದಲ ಸಾವು ಬಂದು ಕರೀತೈತಿ.”

ಓನರ್ ಹೆಂಡತಿ ಅಂಜನಮ್ಮ ಕಣ್ಣೊರೆಸಿಕೊಂಡರು. ಕಾಶಿನಾಥನಿಗೆ ತನ್ನ ಮಾತು ತನಗೇ ನಿಜವೆನಿಸತೊಡಗಿತು. ಅಷ್ಟರಲ್ಲಿ, ಬುಟ್ಟಿಯ ಪಕ್ಕದಲ್ಲೇ ಕೂತಿದ್ದ ಬ್ಯಾಟರಾಯಪ್ಪ ಎದ್ದ.

“ಯಮನ್ ಕೋಣ ತಾಳ ಯಾಕ್ ಇಡ್ಕಂತದೆ ಸ್ವಾಮಿ?”

“ಅದು... ತಾಳದ ಒಂದು ಬಟ್ಟಲ ಜೀವ, ಇನ್ನೊಂದು ಶಿವ. ಎರಡೂ ಕೂಡಿದ್ರ ನಾದ.”

“ಸರಿ. ತಲೆ ಯಾಕ್ ತೂಗ್ತದೆ? ನಮ್ಮೂರಾಗೆ ಕತ್ಲಾಗೇ ಎದ್ದು, ತಾಳ ಇಡ್ಕಂಡು ತಲೆ ತೂಗೋರು ಅಂದ್ರೆ...”

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಮುನಿನಾರಾಯಣಪ್ಪನವರು ಕಂಬಕ್ಕೊರಗಿ, ದೇಹವೂ ಕೋಣದಷ್ಟೇ ಇತ್ತಲ್ಲ, ಅಲ್ಲಾಡದೆ ಕೂತಿದ್ದರು. ಕಾಶಿನಾಥನಿಗೆ ಯಶವಂತಪುರದ ತಿಗಣೆಗಳು ಹೆಸರು ಹಿಡಿದು ಕರೆದಂತಾಯಿತು.

“ಗುರು!” ಎಂದು ಕೂಗಿಬಿಟ್ಟ. “ನಿದ್ದಿ ಅಂದ್ರ ಅಜ್ಞಾನ. ಗುರು ಕೋಣದ ರೂಪ ತಾಳಿ ಬಂದು ಊರಿನ ಅಜ್ಞಾನ ಮೇಯ್ತಾನ. ಅಂಥಾ ಗುರು ಗ್ವಾಡಿ ಆಚೇನ ಇದ್ರೂ ನಮಗ ಗೊತ್ತಾಗೂದಿಲ್ಲ!”

“ಶಿವನೇ!” ಎಂದರು ಅಂಜನಮ್ಮ. ಬ್ಯಾಟರಾಯಪ್ಪ ಓನರ್ ಕಾಲಿಗೇ ಬಿದ್ದ. ಬುಟ್ಟಿ ತೆರೆಯಿತು.

ಹೊರಗೆ ಬಂದ ಕಾಶಿನಾಥ ಬಾಯಿ ತುಂಬ ಪುರಿ ತುಂಬಿಕೊಂಡು ಹಗುರಾಗಿ ಉಸಿರುಬಿಟ್ಟ. ರೂಮು ಉಳಿಯಿತು. ಹೆಗಲ ಮೇಲೆ ಭಾರವಾದ ಕೈಯೊಂದು ಬಿತ್ತು.

“ಯಮ, ಸುಬ್ರಮಣ್ಯ, ಗುರು, ಎಲ್ಲಾ ಬಲೇ ಚೆಂದಾಗಿತ್ತು,” ಎಂದರು ಮುನಿನಾರಾಯಣಪ್ಪ. “ಬೆಳಗ್ಗೆ ಬಚ್ಚಲತಾವ ಕೇಳ್ದಾಗ ನಂಗೊಳೆದಿದ್ ಅರ್ಥ ಮಾತ್ರ ಬೇರೆ.”

ಕಾಶಿನಾಥನ ಬಾಯಲ್ಲಿದ್ದ ಪುರಿ ಅಲ್ಲೇ ನಿಂತಿತು. “ರೂಮು... ಖಾಲಿ ಮಾಡ್ಲೇನ್ರೀ?”

“ಬಿಡ್ತು ಅನ್ನಿ! ಇಂಥಾ ಬಾಯಿರೋರ್ನ ಯಾರಾದ್ರೂ ಬಿಡ್ತಾರಾ?” ಅವರು ಜೇಬಿನಿಂದ ಇನ್ನೊಂದು ಜೊತೆ ತಾಳ ತೆಗೆದು ಅವನ ಕೈಗಿಟ್ಟರು. “ನಾಳೆಯಿಂದ ಕೋಳಿಗೆ ಮೊದ್ಲೇ ಬಂದ್ಬಿಡಿ. ಗೋಡೆ ಈಚೆಗೂ ಒಂದು ಕೋಣ ಇರ್ಲಿ.”