ಹೊಲಿಗೆ ಮಷಿನ್ನಿನ ಸಿಂಗಾರ

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ತಂಬಾಕಿನದು. ನನಗೆ ಹಳೆಯ ಹೊಲಿಗೆ ಮಷಿನ್‌ಗಳದು. ಅಂಗಿಗೆ ಗುಂಡಿ ಹಚ್ಚಲೂ ಬಾರದ ನನಗೆ ಇದು ಹೇಗೆ ಅಂಟಿತೋ ದೇವರೇ ಬಲ್ಲ. ಕುಷ್ಟಗಿಯ ನಮ್ಮ ಮನೆಯಲ್ಲಿ ಕಾಲಿಟ್ಟಲ್ಲೆಲ್ಲ ಪೆಡಲ್, ಕೈಯಿಟ್ಟಲ್ಲೆಲ್ಲ ಚಕ್ರ. ಬಾಡಿಗೆ ಮನೆ ಹುಡುಕಿಕೊಂಡು ಬಂದವರೊಬ್ಬರು ಟೇಲರ್ ಅಂಗಡಿಯೆಂದು ತಿಳಿದು ಪ್ಯಾಂಟಿನ ಅಳತೆ ಕೊಡಲು ನಿಂತದ್ದೂ ಉಂಟು. "ಇನ್ನೊಂದು ತಂದ್ರ ಅದರ ಜೋಡಿ ನೀವೂ ಅಂಗಳದಾಗ ಮಲಗ್ರಿ" ಎಂದಿದ್ದಳು ಹೆಂಡತಿ. ಕಾಡಿ ಬೇಡಿ, ಕೊನೆಯದೊಂದಕ್ಕೆ ಒಪ್ಪಿಗೆ ಪಡೆದಿದ್ದೆ.

ಆ ಕೊನೆಯದು ತಾವರಗೇರಾದ ಖಾಸೀಂಬಿ ಅಮ್ಮನ ಮನೆಯಲ್ಲಿತ್ತು. ಹಳೆಯ ಮಷಿನ್ನಿನ ಜಾತಕ ಅದರ ಮೈಮೇಲೆಯೇ ಇರುತ್ತದೆ. ಕರಿಯ ಮೈಮೇಲಿನ ಬಂಗಾರ ಬಣ್ಣದ ಚಿತ್ತಾರ, ಮುಂದೆ ಬಡಿದ ಹಿತ್ತಾಳೆಯ ಬಿಲ್ಲೆ, ಇವನ್ನು ನೋಡಿಯೇ ಯಾವ ಕಾರ್ಖಾನೆಯದು, ಯಾವ ಕಾಲದ್ದು ಎಂದು ಹೇಳಬೇಕು. ಖಾಸೀಂಬಿ ಅಮ್ಮನ ಮಷಿನ್ ಮೇಲೆ ನವಿಲಿತ್ತು! ಅಂಥ ನವಿಲನ್ನು ನಾನು ಎಲ್ಲೂ ಕಂಡಿರಲಿಲ್ಲ. ಖುಷಿಯಲ್ಲಿ ಫೋಟೋ ತೆಗೆಯುವುದನ್ನೂ ಮರೆತೆ. ಅಮ್ಮನಿಗೆ ಮೊಣಕಾಲು ನೋವು, ಪೆಡಲ್ ತುಳಿಯಲಾರದೆ ಹೊಲಿಗೆಯನ್ನೇ ಬಿಡುವ ಯೋಚನೆಯಲ್ಲಿದ್ದರು. ಮೋಟರಿನ ಹೊಸ ಮಷಿನ್ ತಂದುಕೊಟ್ಟು ಹಳೆಯದನ್ನು ಒಯ್ಯುವುದೆಂದು ಮಾತಾಯಿತು.

ಭಾನುವಾರ ಟಂಟಂ ಆಟೋದಲ್ಲಿ ಹೊಸದನ್ನು ಹೇರಿಕೊಂಡು ಹೋದೆ. ಪಡಸಾಲೆಯಲ್ಲಿ ಗಿಳಿಹಸಿರಿನ ಏನೋ ಒಂದು ಮಿಣಮಿಣ ಹೊಳೆಯುತ್ತಿತ್ತು.

"ಮಷಿನ್ ಎಲ್ಲೈತ್ರಿ ಅಮ್ಮಾ?"

"ನಿಮ್ಮ ಮುಂದನ ಐತಲ್ರಿ ಸರ!"

ಬಗ್ಗಿ ನೋಡಿದೆ. ಗಿಳಿಹಸಿರಿನ ಕೆಳಗೆ ಪೆಡಲ್ ಇತ್ತು.

"ಮನ್ಯಾಗಿನ ಸಾಮಾನು ಮಂದಿಗಿ ಕೊಡುವಾಗ ಹೊಲಸು ಕೊಡಬಾರದ್ರಿ," ಎಂದರು ಅಮ್ಮ ಹೆಮ್ಮೆಯಿಂದ. "ಉಸುಕಿನ ಕಾಗದ ಹಾಕಿ ತಿಕ್ಕಿ ತಿಕ್ಕಿ ತಗದೆ. ಹಬ್ಬಕ್ಕ ಬಾಗಲಕ್ಕ ಹಚ್ಚಿದ್ದ ಬಣ್ಣ ಉಳದಿತ್ತು, ಹಚ್ಚಿದೆ. ಛಲೋ ಕಾಣ್ತೈತಿಲ್ರಿ?"

"ನವಿಲು?" ಎಂದೆ.

"ಆ ಪುಕ್ಕ ಕಿತ್ತಿದ ಕೋಳಿ ಏನ್ರಿ? ಹೋಗಾಕ ಭಾಳ ಕಾಡ್ತು ನೋಡ್ರಿ ಅದು."

"ಬಿಲ್ಲೆ?"

"ಕರ್ರಗಾಗಿತ್ತು. ಹಳೇ ಸಾಮಾನದವಗ ಹಾಕಿ ಬಳ್ಳೊಳ್ಳಿ ತಗೊಂಡೆ."

ನನ್ನ ಕೊನೆಯ ಮಷಿನ್ನಿನ ಜಾತಕ ಈಗಾಗಲೇ ಬೆಳ್ಳುಳ್ಳಿಯಾಗಿ ಅಮ್ಮನ ಒಗ್ಗರಣೆ ಸೇರಿತ್ತು. ಹೊಸದನ್ನು ಮರಳಿ ಹೇರಿಕೊಂಡು ಹೋಗೋಣವೆಂಬ ದುರ್ಬುದ್ಧಿಯೂ ಬಂತು. ಅಷ್ಟರಲ್ಲಿ ಟಂಟಂನವನು ಅದನ್ನು ಪಡಸಾಲೆಗೆ ಇಳಿಸಿದ್ದ, ಅಮ್ಮ ಅದರ ಮುಂದೆ ಕುಳಿತಾಗಿತ್ತು. ಕಾಲು ತುಳಿಯದೆಯೇ ಹೊಲಿಗೆ ಸರಸರ ಓಡಿದ್ದನ್ನು ಕಂಡು ಬಾಯಿ ಮುಚ್ಚಿಕೊಂಡು ನಕ್ಕರು. ಆ ನಗೆ ನೋಡಿದ ಮೇಲೆ ಅದನ್ನು ಎತ್ತಿಕೊಂಡು ಹೋಗುವ ಧೈರ್ಯ ನನಗಿರಲಿಲ್ಲ. ಆದರೂ ಕೇಳದೆ ಇರಲಾಗಲಿಲ್ಲ.

"ಅಲ್ರಿ ಅಮ್ಮಾ, ಅದರ ವಯಸ್ಸನ್ನ ಮುಚ್ಚಿಬಿಟ್ರಿ! ಇನ್ನ ಇದು ಯಾವ ಕಾಲದ್ದು ಅಂತ ಹೆಂಗ ಹೇಳ್ಲಿ?"

ಅಮ್ಮ ಹೊಲಿಗೆ ನಿಲ್ಲಿಸಿ ನನ್ನ ತಲೆಯನ್ನೊಮ್ಮೆ ದಿಟ್ಟಿಸಿದರು.

"ಇರ್ಲಿ ಬಿಡ್ರಿ ಸರ. ನಾ ಬಣ್ಣ ಹಚ್ಚುವಾಗ ಚಕ್ರಕ್ಕರ ತಾಗದಂಗ ಹಚ್ಚೀನಿ. ನಿಮ್ಮ ಕೂದಲದ ಬಣ್ಣ ಕಿವಿಗೆಲ್ಲ ಹತ್ತೈತಿ."

ಟಂಟಂನಲ್ಲಿ ಹಸಿರು ಮಷಿನ್ನಿನ ಪಕ್ಕ ಕುಳಿತು ಕುಷ್ಟಗಿ ಬರುವವರೆಗೂ ಕಿವಿ ಒರೆಸಿಕೊಂಡೆ. ಹೋಗಲಿಲ್ಲ.