ಸಾಹೇಬನ ಸಿಗರೇಟು

ಹೆಂಡತಿ: ಎಷ್ಟು ಸಲ ಹೇಳ್ಲಿ ಡಾಕ್ಟ್ರೇ, ನಮ್ಮನೇಲಿ ಸಿಗರೇಟು ಸೇದೋರು ಒಬ್ಬರೂ ಇಲ್ಲ! ಇವ್ರು ಸೇದ್ತಿದ್ರು, ಬಿಟ್ಟು ಆರು ವರ್ಷ ಆಯ್ತು. ನನ್ನ ತಲೆ ಮುಟ್ಟಿ ಆಣೆ ಮಾಡಿದ್ದಾರೆ!

(ಪಶುವೈದ್ಯರ ಕೋಣೆ. ಉಕ್ಕಿನ ಮೇಜಿನ ಮೇಲೆ ಸಾಹೇಬ, ಅಂದರೆ ಇವರ ನಾಯಿ, ಮುಂಗಾಲಿನ ಮೇಲೆ ಗದ್ದ ಊರಿ ಮಲಗಿದೆ. ಒಂದು ವಾರದಿಂದ ಮೂತ್ರದಲ್ಲಿ ರಕ್ತ. ಸ್ಕ್ಯಾನ್ ಆಗಿದೆ, ರಿಪೋರ್ಟ್ ಇನ್ನೇನು ಬರಬೇಕು. ಗಂಡ ಗೋಡೆಯ ಮೇಲಿನ ಬೆಕ್ಕಿನ ಹಲ್ಲುಗಳ ಚಿತ್ರವನ್ನು ತನ್ಮಯನಾಗಿ ನೋಡುತ್ತಿದ್ದಾನೆ.)

ಡಾಕ್ಟರ್: ಸುಮ್ನೆ ಕೇಳ್ತಿಲ್ಲಮ್ಮಾ. ಸಿಗರೇಟಿನ ಹೊಗೇಲಿ ಇರೋ ನಾಯಿಗೆ ಮೂತ್ರಕೋಶದ ಕ್ಯಾನ್ಸರ್ ಬರೋ ಸಾಧ್ಯತೆ ಜಾಸ್ತಿ. ಇದರ ಮೈಯೆಲ್ಲ ಹೊಗೆ ನಾತ!

ಹೆಂಡತಿ: ರೀ, ದಿನಾ ವಾಕಿಂಗ್ ಕರ್ಕೊಂಡು ಹೋಗೋರು ನೀವು. ಎಲ್ಲಿಂದ ಬಂತು ಹೊಗೆ?

ಗಂಡ: ಸಹವಾಸ ಕಣೇ. ಆ ಮೂಲೆ ಮನೆ ಕರಿ ನಾಯಿ ಜೊತೆ ಸೇರ್ಕೊಂಡು ಕೆಟ್ಟುಹೋಯ್ತು.

ಹೆಂಡತಿ: ನಾಯಿ ಸಿಗರೇಟು ಸೇದುತ್ತೇನ್ರೀ?

ಗಂಡ: ಚಟ ಅಂತೇನಿಲ್ಲ. ಯಾವಾಗ್ಲೋ ಒಂದು.

ಹೆಂಡತಿ: ಕಡ್ಡಿ ಗೀರಿ ಕೊಡೋರ್ಯಾರು?

ಗಂಡ: ಅದೇ... ಕರಿ ನಾಯಿ.

ಡಾಕ್ಟರ್: ಸಾರ್, ನಿಜ ಹೇಳಿದ್ರೆ ಚಿಕಿತ್ಸೆ ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗುತ್ತೆ. ನೀವು ಸುಳ್ಳು ಹೇಳಿದ್ರೆ ನರಳೋದು ಇದು.

(ಸಾಹೇಬ ಕಣ್ಣೆತ್ತಿ ಗಂಡನನ್ನು ನೋಡಿತು. ಅಷ್ಟೇ.)

ಗಂಡ: ದಿನಕ್ಕೊಂದು ಡಾಕ್ಟ್ರೇ. ನಾನೇ.

(ಸಾಹೇಬ ನೋಡುತ್ತಲೇ ಇತ್ತು.)

ಗಂಡ: ಎರಡು.

(ರೆಪ್ಪೆ ಕೂಡ ಬಡಿಯಲಿಲ್ಲ.)

ಗಂಡ: ನಾಲ್ಕು! ಸಾಕೇನೋ? ಮಳೆ ಬಂದ್ರೆ ಐದು! ಹೊಗೆ ಆ ಕಡೆಗೇ ಬಿಡ್ತಿದ್ದೆ ಕಣೋ, ಗಾಳಿ ಈ ಕಡೆ ತರೋದು!

(ನರ್ಸ್ ರಿಪೋರ್ಟ್ ತಂದು ಕೊಟ್ಟಳು. ಡಾಕ್ಟರ್ ಬಿಡಿಸಿ ಓದಿದರು.)

ಡಾಕ್ಟರ್: ಗಡ್ಡೆ ಇಲ್ಲ. ಕ್ಯಾನ್ಸರ್ ಅಲ್ಲ. ಬರೀ ಕಲ್ಲು! ತೆಗೆದ್ರೆ ಆಯ್ತು.

ಗಂಡ (ನಾಯಿಯನ್ನು ತಬ್ಬಿಕೊಂಡು): ಉಳ್ಕೊಂಡ್ಯಲ್ಲೋ ರಾಜಾ! ...ಥತ್, ಇನ್ನೊಂದು ನಿಮಿಷ ಬಾಯಿ ಮುಚ್ಕೊಂಡಿದ್ರೆ ನಾನೂ ಉಳ್ಕೊಳ್ತಿದ್ದೆ!

ಹೆಂಡತಿ (ಕಣ್ಣೊರೆಸಿಕೊಂಡು): ಪಕ್ಕದಲ್ಲಿ ನಿಂತೋರಿಗೇ ಅಷ್ಟು ಅಪಾಯ ಅಂದ್ರೆ, ಸೇದಿದೋರಿಗೆ ಡಾಕ್ಟ್ರೇ?

ಡಾಕ್ಟರ್: ಇನ್ನೂ ಜಾಸ್ತಿ.

(ಅವಳು ಸಾಹೇಬನನ್ನು ಎರಡು ಕೈಯಲ್ಲಿ ಎತ್ತಿ ಮೆಲ್ಲಗೆ ಕೆಳಗಿಳಿಸಿದಳು. ಖಾಲಿ ಮೇಜನ್ನು ತಟ್ಟಿದಳು.)

ಹೆಂಡತಿ: ಹತ್ರೀ ಮೇಲೆ.

ಡಾಕ್ಟರ್: ಅಯ್ಯೋ ಅಮ್ಮಾ, ನಾನು ಪ್ರಾಣಿಗಳನ್ನ ಮಾತ್ರ ನೋಡೋದು!

ಹೆಂಡತಿ: ಆರು ವರ್ಷ ಬೊಗಳಿದ್ದು ಸಾಲ್ದಾ ಡಾಕ್ಟ್ರೇ?